ಹೂವು ಚೆನ್ನಾಗಿದೆ, ನೀನೆಲ್ಲಿ?

ಜಪಾನ್ ಅಂದ ಕೂಡಲೇ ನಿಮ್ಮ ಕಣ್ಣ ಮುಂದೆ ಏನು ಬರುತ್ತದೆ, ಹೇಳಿ? ಗುಂಡಿನಂತೆ ಓಡುವ ರೈಲು, ಬೀಸಣಿಗೆ ಹಿಡಿದ ಕಿಮೋನೊ ಹೆಂಗಸರು, ಎಲೆಯೇ ಕಾಣದಂತೆ ಹೂ ಹೊತ್ತು ನಿಂತ ಮರಗಳು. ಅಲ್ಲವೇ? ನನಗೂ ಅಷ್ಟೇ ಗೊತ್ತಿದ್ದದ್ದು. 2015ರ ಏಪ್ರಿಲ್‌ನಲ್ಲಿ ನಮ್ಮವರಿಗೆ ಯೊಕೊಹಾಮಾಕ್ಕೆ ವರ್ಗವಾದಾಗ ಶಿಡ್ಲಘಟ್ಟದ ನಮ್ಮ ಬೀದಿಗೆ ಬೀದಿಯೇ ನನ್ನ ಅದೃಷ್ಟವನ್ನು ಹೊಗಳಿತು. "ನಿನಗೇನಮ್ಮ, ಹೂವಿನ ದೇಶಕ್ಕೆ ಹೊರಟೆ" ಎಂದರು ಪಕ್ಕದ ಮನೆಯವರು. ಅಮ್ಮ ಮಾತ್ರ ಹುಣಿಸೇಹಣ್ಣು, ಹುರಿದ ಸಾರಿನ ಪುಡಿ, ಒಣಗಿಸಿದ ಕರಿಬೇವು ಎಲ್ಲ ಕಟ್ಟಿಕೊಡುತ್ತಾ, "ಅಲ್ಲಿ ಮಾತಾಡೋಕೆ ಯಾರಾದರೂ ಇರ್ತಾರೇನೇ?" ಅಂತ ಕೇಳಿದರು. ನಾನು ನಕ್ಕು ಸುಮ್ಮನಾದೆ.

ಅಲ್ಲಿ ನಾಲ್ಕು ವರ್ಷ ಸಂಸಾರ ಮಾಡಿ 2019ರಲ್ಲಿ ಮರಳಿ ಬಂದೆ. ಬರುವಾಗ ನನ್ನ ಹತ್ತಿರ ಸಾವಿರಾರು ಹೂವಿನ ಫೋಟೋಗಳಿದ್ದವು. ಅವುಗಳಲ್ಲಿ ಅತಿ ಚೆನ್ನಾದ ಇಪ್ಪತ್ತೊಂದು ಫೋಟೋ ನಾನು ತೆಗೆದದ್ದೇ ಅಲ್ಲ! ಆ ಕಥೆಯನ್ನು ನಿಮಗೆ ಹೇಳೋಣ ಅಂತಲೇ ಕೂತಿದ್ದೇನೆ.

ಮೊದಲ ದಿನಗಳು

ನಮ್ಮದು ಎರಡು ಕೋಣೆಯ ಚಿಕ್ಕ ಮನೆ. ಬಾಗಿಲು ತೆಗೆದರೆ ಮೊದಲು ಸಿಗುವುದು ಚಪ್ಪಲಿ ಬಿಡುವ ತಗ್ಗು ಜಾಗ, ಅದಕ್ಕೆ ಗೆನ್ಕಾನ್ ಅನ್ನುತ್ತಾರೆ. ಚಪ್ಪಲಿ ಹೊರಗೇ ಬಿಟ್ಟು ಒಳಗೆ ಬರುವ ಪದ್ಧತಿ ನಮ್ಮದರಂತೆಯೇ ಇದ್ದದ್ದು ಕಂಡು "ಪರವಾಗಿಲ್ಲ, ನಮ್ಮವರೇ" ಅನ್ನಿಸಿತು. ಆದರೆ ಆ ಸಮಾಧಾನ ಕಸದ ದಿನದವರೆಗೆ ಮಾತ್ರ! ಸುಡುವ ಕಸಕ್ಕೆ ಒಂದು ದಿನ, ಪ್ಲಾಸ್ಟಿಕ್‌ಗೆ ಒಂದು ದಿನ, ಡಬ್ಬಿ ಬಾಟಲಿಗೆ ಒಂದು ದಿನ, ಹಳೇ ಪೇಪರಿಗೆ ಇನ್ನೊಂದು ದಿನ. ಬಾಟಲಿಯನ್ನು ತೊಳೆದು, ಮುಚ್ಚಳ ಬೇರೆ ಮಾಡಿ, ಮೇಲಿನ ಚೀಟಿ ಸುಲಿದು ಇಡಬೇಕು. ಬೆಳಿಗ್ಗೆ ಎಂಟರೊಳಗೆ ಬೀದಿ ಮೂಲೆಗೆ ಒಯ್ದು, ಕಾಗೆ ಎಳೆಯದ ಹಾಗೆ ಬಲೆಯ ಕೆಳಗೆ ಸೇರಿಸಬೇಕು. ಮೊದಲ ವಾರವೇ ನಾನು ಇಟ್ಟ ಚೀಲದ ಮೇಲೆ ಒಂದು ಚೀಟಿ ಅಂಟಿಸಿ, ಚೀಲವನ್ನು ಅಲ್ಲಿಯೇ ಬಿಟ್ಟು ಹೋಗಿದ್ದರು. ಇಡೀ ಬೀದಿಯ ಎದುರು ಅದೊಂದೇ ಚೀಲ! ನಾಚಿಕೆಯಿಂದ ನೆಲಕ್ಕಿಳಿದು ಹೋದೆ ಅನ್ನಿ.

ಅಡುಗೆಮನೆಯದು ಮತ್ತೊಂದು ಪಾಠ. ಅಲ್ಲಿನ ಅಕ್ಕಿ ಮುದ್ದೆಯಾಗುವ ಅಂಟು ಅಕ್ಕಿ. ಚಿತ್ರಾನ್ನ ಮಾಡಿದರೆ ಉಂಡೆ ಕಟ್ಟಬಹುದು. ನೀರು ಕಡಿಮೆ ಇಟ್ಟು, ಅನ್ನ ಆದ ಕೂಡಲೇ ಅಗಲ ತಟ್ಟೆಗೆ ಹರಡಿ, ಎಣ್ಣೆ ನಿಂಬೆರಸ ಸವರಿ ಬೀಸಣಿಗೆಯಲ್ಲಿ ಆರಿಸಿದರೆ ಒಂದಿಷ್ಟು ಬಿಡಿಬಿಡಿಯಾಗುತ್ತದೆ ಅಂತ ತಿಳಿಯಲು ಆರು ತಿಂಗಳು ಬೇಕಾಯಿತು. ಅಲ್ಲಿನ ಮಾರುದ್ದದ ಬಿಳಿ ಮೂಲಂಗಿ ಸಾಂಬಾರಿಗೆ ಬಲು ಚೆಂದ. ಎದಮಾಮೆ ಎಂಬ ಹಸಿ ಸೋಯಾ ಕಾಯಿ ಸುಲಿದು ಉಪ್ಪಿಟ್ಟಿಗೆ ಹಾಕಿದರೆ, ಕಣ್ಣು ಮುಚ್ಚಿ ತಿಂದರೆ, ಅವರೆಕಾಳನ್ನು ನೆನಪಿಸುತ್ತದೆ. ಸೊನೆಯ ಘಮ ಮಾತ್ರ ಇಲ್ಲ. ನಮ್ಮ ಹಾಗೆ ಮೀನು ಮಾಂಸ ತಿನ್ನದವರು ಹೊರಗೆ ತಿನ್ನುವಾಗ ಎಚ್ಚರವಾಗಿರಬೇಕು. ನೋಡಲು ಬರೀ ತರಕಾರಿ ಸಾರಿನಂತೆ ಇರುವುದಕ್ಕೂ ದಾಶಿ ಎಂಬ ಕಷಾಯ ಸೇರಿರುತ್ತದೆ, ಅದನ್ನು ಹೆಚ್ಚಾಗಿ ಒಣಮೀನಿನಿಂದಲೇ ತೆಗೆಯುತ್ತಾರೆ. ಹೀಗಾಗಿ ಎಲ್ಲಿ ಹೋದರೂ ನನ್ನ ಬುತ್ತಿ ನನ್ನ ಕೈಯಲ್ಲೇ.

ಇವೆಲ್ಲ ಕಲಿಯಬಹುದು ಬಿಡಿ. ಕಲಿಯಲಾಗದ್ದು ಮೌನ. ನಮ್ಮವರು ಬೆಳಿಗ್ಗೆ ಏಳಕ್ಕೆ ಹೊರಟರೆ ಬರುವುದು ರಾತ್ರಿ ಹತ್ತಕ್ಕೆ. ಮಗನನ್ನು ಶಿಶುವಿಹಾರಕ್ಕೆ ಬಿಟ್ಟು ಬಂದರೆ ಮಧ್ಯಾಹ್ನದವರೆಗೆ ನಾನು ಮತ್ತು ನಾಲ್ಕು ಗೋಡೆ. ಕನ್ನಡದಲ್ಲಿ ನಾಲ್ಕು ಮಾತು ಆಡಬೇಕೆಂದರೆ ಮಗನನ್ನು ಗದರಿಸುವ ಸಂದರ್ಭ ಬರಬೇಕಿತ್ತು! ಸಂಜೆ ಐದಕ್ಕೆ ಊರಿನ ಧ್ವನಿವರ್ಧಕಗಳಲ್ಲಿ ಒಂದು ಮೆಲ್ಲನೆಯ ಮಕ್ಕಳ ಹಾಡಿನ ರಾಗ ಬರುತ್ತದೆ. ಭೂಕಂಪ ಮುಂತಾದ ವಿಪತ್ತಿನ ಎಚ್ಚರಿಕೆಗೆಂದು ಹಾಕಿದ ಧ್ವನಿವರ್ಧಕ ಸರಿಯಾಗಿದೆಯೇ ಎಂದು ನೋಡುವುದಕ್ಕೂ ಆಯಿತು, ಆಡುವ ಮಕ್ಕಳನ್ನು ಮನೆಗೆ ಕಳಿಸುವುದಕ್ಕೂ ಆಯಿತು. ಆ ರಾಗ ಕೇಳಿದಾಗ ನನಗೆ ಮಾತ್ರ ಸುಮ್ಮಸುಮ್ಮನೆ ಅಳು ಬರುತ್ತಿತ್ತು.

ಕ್ಯಾಮೆರಾ ಕೈಗೆ ಬಂತು

ನಮ್ಮವರ ಹಳೆಯ ಪುಟ್ಟ ಕ್ಯಾಮೆರಾ ಒಂದು ಮೂಲೆಯಲ್ಲಿ ಬಿದ್ದಿತ್ತು. "ಮನೆಯಲ್ಲಿ ಕೂತು ಗೋಡೆ ನೋಡುವ ಬದಲು ಹೂವಾದರೂ ನೋಡು" ಅಂತ ಅದನ್ನು ನನ್ನ ಕೈಗೆ ಕೊಟ್ಟರು. ಮಗನನ್ನು ಬಿಟ್ಟು ಬರುವ ದಾರಿಯಲ್ಲಿ ಮನೆಮನೆಯ ಮುಂದೆಯೂ ಕುಂಡಗಳು. ಅಂಗೈಯಷ್ಟು ಜಾಗ ಇದ್ದರೆ ಸಾಕು, ಅಲ್ಲಿ ಹತ್ತು ಕುಂಡ! ನಮ್ಮ ಸಾಲಿನ ಕೊನೆಯ ಮನೆಯಲ್ಲಿ ಒಬ್ಬ ಅಜ್ಜಿ ಒಂಟಿಯಾಗಿದ್ದರು. ಅವರ ಮನೆಯ ಮುಂದೆ ಬಳ್ಳಿಯೊಂದು ದಾರ ಹಿಡಿದು ಮಾಡಿನವರೆಗೆ ಹಬ್ಬಿ, ನೀಲಿ ಹೂ ಬಿಟ್ಟಿತ್ತು. ಒಂದು ದಿನ ಹನ್ನೊಂದು ಗಂಟೆ ಹೊತ್ತಿಗೆ ಅದರ ಮುಂದೆ ನಿಂತು ಫೋಟೋ ಹೊಡೆದೆ. 'ಕ್ಲಿಕ್' ಅನ್ನುತ್ತಿದ್ದಂತೆ ಬಾಗಿಲು ತೆರೆಯಿತು. ಅಜ್ಜಿ ಹೊರಗೆ ಬಂದು ಬಳ್ಳಿಯ ಕಡೆ ಕೈ ತೋರಿಸಿ, ತಲೆ ಅಲ್ಲಾಡಿಸಿ, ಏನೋ ನಾಲ್ಕು ಮಾತು ಹೇಳಿದರು. ನನಗೆ ತಿಳಿದದ್ದು ಒಂದೇ: "ಬೇಡ" ಅನ್ನುತ್ತಿದ್ದಾರೆ. ಕಳ್ಳತನ ಮಾಡಿ ಸಿಕ್ಕಿಬಿದ್ದವಳ ಹಾಗೆ ನಾಲ್ಕು ಸಲ ಬಗ್ಗಿ ನಮಸ್ಕರಿಸಿ ಓಡಿ ಬಂದೆ. ಆಮೇಲೆ ಎರಡು ವರ್ಷ ಆ ಮನೆಯ ಮುಂದೆ ತಲೆ ತಗ್ಗಿಸಿಕೊಂಡೇ ನಡೆದೆ.

ತಪ್ಪು ನನ್ನದೇ ಅನ್ನಿ. ಯಾರದೇ ಮನೆಯ ಅಂಗಳ ಅವರ ಮನೆಯ ಭಾಗವೇ ತಾನೇ? ಜಪಾನಿನಲ್ಲಿ ಇದರ ಬಗ್ಗೆ ಬಹಳ ನಾಜೂಕು. ಅಲ್ಲಿ ಮಾರುವ ಮೊಬೈಲ್ ಫೋನುಗಳಲ್ಲಿ ಫೋಟೋ ತೆಗೆದಾಗ 'ಕ್ಲಿಕ್' ಸದ್ದು ಬಂದೇ ಬರುವ ಹಾಗೆ ಮಾಡಿರುತ್ತಾರೆ. ಕದ್ದು ಫೋಟೋ ತೆಗೆಯಬಾರದು ಎಂಬುದಕ್ಕಾಗಿ. ಅಂದಿನಿಂದ ನಾನು ಮೊದಲು ಬಾಯಿಪಾಠ ಮಾಡಿದ ವಾಕ್ಯ, "ಶಾಶಿನ್ ಒ ತೊತ್ತೆಮೊ ಈ ದೆಸುಕಾ?" ಅಂದರೆ "ಫೋಟೋ ತೆಗೆಯಬಹುದೇ?"

ಊರೂರು ಸುತ್ತಿದ್ದು

ಬೇರೆಯವರ ಅಂಗಳ ಬೇಡವೆಂದು ಸಾರ್ವಜನಿಕ ತೋಟಗಳಿಗೆ ಹೋಗತೊಡಗಿದೆ. ಯೊಕೊಹಾಮಾದಲ್ಲೇ ಇರುವ ಸಾಂಕೇಯೆನ್ ತೋಟಕ್ಕೆ ಮೊದಲ ಬಾರಿ ಹೋದಾಗ ಫಲಕ ಓದಿಸಿಕೊಂಡು ಬೆರಗಾದೆ. ಅದನ್ನು ಕಟ್ಟಿಸಿದವರು ಯಾರು ಗೊತ್ತೇ? ಒಬ್ಬ ರೇಷ್ಮೆ ವ್ಯಾಪಾರಿ! ಹಾರಾ ಸಾಂಕೇಯಿ ಎಂಬ ಆ ಧನಿಕ 1906ರಲ್ಲಿ ತನ್ನ ಹೊರ ತೋಟವನ್ನು ಜನರಿಗಾಗಿ ತೆರೆದಿಟ್ಟ. ಹಳೆಯ ಕಟ್ಟಡಗಳನ್ನು ಬೇರೆ ಊರುಗಳಿಂದ ಬಿಚ್ಚಿ ತಂದು ಇಲ್ಲಿ ಮತ್ತೆ ಜೋಡಿಸಿದ. ಗುಡ್ಡದ ಮೇಲೆ ನಿಂತಿರುವ ಮೂರಂತಸ್ತಿನ ಗೋಪುರ 1457ರದ್ದು, ಕ್ಯೋಟೊ ಕಡೆಯಿಂದ ಇಲ್ಲಿಗೆ ಬಂದದ್ದು 1914ರಲ್ಲಿ. ಇಷ್ಟೂ ರೇಷ್ಮೆಯ ದುಡ್ಡು. ಆ ಕಾಲದಲ್ಲಿ ಜಪಾನಿನ ರೇಷ್ಮೆ ಹಡಗು ಹತ್ತುತ್ತಿದ್ದದ್ದೇ ಯೊಕೊಹಾಮಾ ಬಂದರಿನಲ್ಲಿ.

ನಾನು ಹುಟ್ಟಿದ ಊರೋ ರೇಷ್ಮೆಗೂಡಿನ ಮಾರುಕಟ್ಟೆಗೆ ಹೆಸರಾದದ್ದು. ಹಿಪ್ಪುನೇರಳೆ ಸೊಪ್ಪು ಹೊತ್ತು ಬೆಳೆದವಳು ನಾನು. ಜಮ್‌ಶೆಟ್‌ಜಿ ಟಾಟಾ ಅವರು ಬೆಂಗಳೂರಿನಲ್ಲಿ ರೇಷ್ಮೆ ತೋಟ ಮಾಡಿಸಿದಾಗ ಕರೆಸಿದ್ದು ಜಪಾನಿನ ತಜ್ಞರನ್ನು. 1991ರ ನಂತರ ನಮ್ಮ ಕಡೆ ದ್ವಿತಳಿ ರೇಷ್ಮೆ ಹಬ್ಬಿಸಲು ಬಂದದ್ದೂ ಜಪಾನಿನ ನೆರವೇ. ಅಪ್ಪ 'ಜಪಾನಿನವರು ಹೇಳಿಕೊಟ್ಟ ಕ್ರಮ' ಎಂದು ಹುಳುಮನೆ ತೊಳೆಯುತ್ತಿದ್ದದ್ದು ನೆನಪಾಯಿತು. ಪರದೇಶದ ತೋಟದ ಕಲ್ಲುಬೆಂಚಿನ ಮೇಲೆ ಕೂತು ಚಿತ್ರಾನ್ನ ತಿನ್ನುತ್ತಾ, ಈ ಗೋಪುರಕ್ಕೂ ನಮ್ಮೂರ ಹುಳುಮನೆಗೂ ಒಂದೇ ಎಳೆ ನಂಟು ಅನ್ನಿಸಿ ಮನಸ್ಸು ಹಗುರಾಯಿತು.

ಜೂನ್ ತಿಂಗಳಲ್ಲಿ ಅಲ್ಲಿ ಜಿಟಿಜಿಟಿ ಮಳೆ. ಆಗ ಅಜಿಸಾಯಿ ಹೂವಿನ ಕಾಲ. ಮಡಿಕೇರಿ, ಊಟಿ ಕಡೆ ಹೋದವರು ನೋಡಿರುತ್ತೀರಿ, ಚೆಂಡಿನಂಥ ಗೊಂಚಲಿನ ಹೈಡ್ರಾಂಜಿಯಾ, ಅದೇ. ಉತ್ತರ ಕಾಮಾಕುರಾದ ಮೇಯಿಗೆತ್ಸು-ಇನ್ ದೇವಾಲಯಕ್ಕೆ 'ಅಜಿಸಾಯಿ ಗುಡಿ' ಎಂದೇ ಹೆಸರು. ಮೆಟ್ಟಿಲ ಎರಡೂ ಕಡೆ ತಿಳಿನೀಲಿ ಹೂವಿನ ಗೋಡೆ! ಈ ಹೂವಿನ ಗುಟ್ಟು ಕುಂಡ ಇಟ್ಟಿರುವ ಸೋದರಿಯರಿಗೆ ಉಪಯೋಗಕ್ಕೆ ಬಂದೀತು. ಮಣ್ಣು ಹುಳಿಯಾಗಿದ್ದರೆ ಅದರಲ್ಲಿನ ಅಲ್ಯೂಮಿನಿಯಂ ಅಂಶವನ್ನು ಬೇರು ಹೀರಿ ಹೂ ನೀಲಿಯಾಗುತ್ತದೆ. ಸುಣ್ಣದಂಶ ಹೆಚ್ಚಿದ್ದರೆ ಗುಲಾಬಿಯಾಗುತ್ತದೆ. ಬಿಳಿ ಜಾತಿಗೆ ಈ ಆಟ ನಡೆಯದು.

2018ರ ಏಪ್ರಿಲ್ ಕೊನೆಯಲ್ಲಿ ಮೂರು ರೈಲು ಬದಲಿಸಿ ಆಶಿಕಾಗಾ ಹೂದೋಟಕ್ಕೂ ಹೋಗಿಬಂದೆವು. ತೋಟದ ಬಾಗಿಲಲ್ಲೇ ಹೊಸ ರೈಲು ನಿಲ್ದಾಣ ಆ ತಿಂಗಳಷ್ಟೇ ತೆರೆದಿತ್ತು. ಅಲ್ಲಿ ಫುಜಿ ಎಂಬ ನೇರಳೆ ಹೂವಿನ ಬಳ್ಳಿ. ಒಂದೇ ಬಳ್ಳಿ ಸುಮಾರು ಸಾವಿರ ಚದರ ಮೀಟರ್ ಚಪ್ಪರ ತುಂಬಿದೆ! ನೂರು ವರ್ಷ ದಾಟಿದ ಆ ಬಳ್ಳಿಯನ್ನು 1996ರಲ್ಲಿ ಸುಮಾರು ಇಪ್ಪತ್ತು ಕಿಲೋಮೀಟರ್ ದೂರದಿಂದ ಬೇರುಸಹಿತ ತಂದು ನೆಟ್ಟರು. ಆಗದ ಕೆಲಸ ಎಂದು ಎಲ್ಲರೂ ಕೈಬಿಟ್ಟಾಗ ಒಪ್ಪಿಕೊಂಡವರು ಒಬ್ಬ ಹೆಂಗಸು, ತ್ಸುಕಾಮೊತೊ ಕೊನಾಮಿ. ಜಪಾನಿನ ಮೊದಲ ಮಹಿಳಾ ಮರವೈದ್ಯೆ. ಬಳ್ಳಿಯ ಕಾಂಡ ಸಾಗಣೆಯಲ್ಲಿ ನಜ್ಜಾಗಬಾರದೆಂದು, ಕೈಮೂಳೆ ಮುರಿದಾಗ ಹಾಕುವಂಥ ಸುಣ್ಣದ ಪಟ್ಟಿಯನ್ನೇ ಅದಕ್ಕೆ ಸುತ್ತಿಸಿದರಂತೆ. ಸಂಸಾರಸ್ಥೆಗೆ ಹೊಳೆಯುವ ಉಪಾಯ ಅಲ್ಲವೇ ಇದು?

ಕಣ್ಣಿಗೆ ಬಿದ್ದ ಕೆಲವು ಪಾಠಗಳು

ಇಷ್ಟೆಲ್ಲ ಸುತ್ತಿ ಹೂವಿನ ಫೋಟೋ ತೆಗೆಯುವುದನ್ನು ನಾನು ಕಲಿತದ್ದು ಕೆಡಿಸಿ ಕೆಡಿಸಿಯೇ. ನಿಮಗೂ ಹೇಳುತ್ತೇನೆ, ನಿಮ್ಮ ಕೈಯ ಮೊಬೈಲಿಗೂ ಇದು ಹೊಂದುತ್ತದೆ. ಫೋಟೋಗೆ ಬೆಳಗಿನ ಎಂಟರೊಳಗಿನ ಬೆಳಕು ಒಳ್ಳೆಯದು. ನಡು ಮಧ್ಯಾಹ್ನದ ಬಿಸಿಲು ಹೂವಿನ ಬಣ್ಣವನ್ನೇ ತಿಂದುಬಿಡುತ್ತದೆ. ಮೋಡದ ದಿನ ಹೊರಗೆ ಹೋಗಲು ಬೇಸರಿಸಬೇಡಿ. ನೀಲಿ, ನೇರಳೆ ಹೂಗಳಿಗೆ ಅದೇ ಪ್ರಶಸ್ತ. ನಿಂತು ಕೆಳಗೆ ನೋಡಿ ತೆಗೆಯುವ ಬದಲು ಹೂವಿನ ಮಟ್ಟಕ್ಕೆ ಕುಕ್ಕರಗಾಲಲ್ಲಿ ಕುಳಿತುಕೊಳ್ಳಿ. ಮಗುವಿನ ಜೊತೆ ಮಾತಾಡುವಾಗ ಕೂರುತ್ತೇವಲ್ಲ, ಹಾಗೆ. ಮಲ್ಲಿಗೆಯಂಥ ಬಿಳಿ ಹೂ ತೆಗೆಯುವಾಗ ಮೊಬೈಲಿನಲ್ಲಿ ಹೂವಿನ ಮೇಲೆ ಬೆರಳೊತ್ತಿ ಬೆಳಕನ್ನು ಒಂದಿಷ್ಟು ತಗ್ಗಿಸಿ. ಇಲ್ಲವಾದರೆ ಎಸಳಿನ ಗೆರೆ ಕಾಣದೆ ಸುಣ್ಣ ಬಳಿದಂತಾಗುತ್ತದೆ. ಹತ್ತು ಹೂ ಸೇರಿಸುವುದಕ್ಕಿಂತ ಒಂದು ಹೂ, ಅದರ ಹಿಂದೆ ನೆರಳಿನ ಕತ್ತಲು ಇದ್ದರೆ ಚೆಂದ. ಗಾಜನ್ನು ಮೆತ್ತನೆ ಹತ್ತಿಬಟ್ಟೆಯಿಂದ ಒರೆಸಿಕೊಳ್ಳಲು ಮರೆಯಬೇಡಿ. ಅಡುಗೆಮನೆಯಿಂದ ಬರುವ ನಮ್ಮ ಬೆರಳಲ್ಲಿ ಎಣ್ಣೆ ಇದ್ದೇ ಇರುತ್ತದೆ! ಜಪಾನಿನ ತೋಟಗಳಲ್ಲಿ ಪಾಚಿಯನ್ನೂ ಬೆಳೆಸುತ್ತಾರೆ. ಅದರ ಮೇಲೆ ಕಾಲಿಡಬಾರದು. ಮೂರುಕಾಲಿನ ಸ್ಟ್ಯಾಂಡನ್ನು ಎಷ್ಟೋ ಕಡೆ ಬಿಡುವುದಿಲ್ಲ. ದಾರಿಗೆ ಅಡ್ಡ ಆಗುತ್ತದಲ್ಲ!

ಹೀಗೆ ನನ್ನ ಫೋಟೋಗಳು ಚೆನ್ನಾಗತೊಡಗಿದವು. ವಾರ ವಾರ ಊರಿಗೆ ಕಳಿಸುತ್ತಿದ್ದೆ. ತಂಗಿ, ಓರಗಿತ್ತಿಯರು ಎಲ್ಲರೂ "ಸ್ವರ್ಗದಲ್ಲಿದ್ದೀಯ" ಅನ್ನುವರು. ನಾನೂ ಅದನ್ನೇ ಬಯಸಿದ್ದೆನೇನೋ. ಅಳು ಬಂದ ದಿನ ಹೆಚ್ಚು ಹೂ ಕಳಿಸುತ್ತಿದ್ದೆ! ಅಮ್ಮ ಮಾತ್ರ ಪ್ರತಿ ಸಲ ಒಂದೇ ಪ್ರಶ್ನೆ ಕೇಳುತ್ತಿದ್ದರು. "ಹೂವು ಚೆನ್ನಾಗಿದೆ ಕಣೇ. ನೀನೆಲ್ಲಿ?" ಅಮ್ಮನ ಕಣ್ಣಿಗೆ ಪೊರೆ ಬಂದು ಮಂಜಾಗಿತ್ತು. ಕಾಣದೆ ಕೇಳುತ್ತಾರೆ ಅಂದುಕೊಂಡಿದ್ದೆ.

ಬೆಳಗಿನ ಮುಖ

2017ರಲ್ಲಿ ಮಗ ಒಂದನೇ ತರಗತಿಗೆ ಸೇರಿದ. ಅಲ್ಲಿ ಒಂದನೇ ತರಗತಿಯ ಮಕ್ಕಳಿಗೆ ಒಂದು ಸೊಗಸಾದ ಪಾಠವಿದೆ. ಎಷ್ಟೋ ಶಾಲೆಗಳಲ್ಲಿ ಪ್ರತಿ ಮಗುವೂ ಒಂದು ಕುಂಡದಲ್ಲಿ ಅಸಗಾಓ ಬೀಜ ನೆಟ್ಟು ಸಾಕುತ್ತದೆ. 'ಅಸ' ಎಂದರೆ ಬೆಳಗು, 'ಕಾಓ' ಎಂದರೆ ಮುಖ. ನಾವು ಮಾರ್ನಿಂಗ್ ಗ್ಲೋರಿ ಅನ್ನುವ ಬಳ್ಳಿ. ಸೂರ್ಯ ಹುಟ್ಟುವಾಗ ಅರಳಿದರೆ ಮಧ್ಯಾಹ್ನದೊಳಗೆ ಮುದುಡಿ ಹೋಗುತ್ತದೆ, ಒಂದು ಹೂವಿಗೆ ಒಂದೇ ಬೆಳಗು. ಜುಲೈನಲ್ಲಿ ಬೇಸಿಗೆ ರಜೆ ಬಂದಾಗ ಕುಂಡವನ್ನು ಮನೆಗೆ ಒಯ್ದು, ನೀರೆರೆದು, ಎಷ್ಟು ಹೂ ಬಿಟ್ಟಿತು ಎಂದು ಬರೆದು, ಕೊನೆಗೆ ಬೀಜ ತೆಗೆದಿಡಬೇಕು. ಆ ಬೀಜ ಮುಂದಿನ ವರ್ಷ ಒಂದನೇ ತರಗತಿಗೆ ಬರುವ ಮಕ್ಕಳಿಗೆ. ನೋಡಿ, ಆರು ವರ್ಷದ ಮಗುವಿಗೂ ಹಿಂದೆ ಬರುವವರ ಜವಾಬ್ದಾರಿ!

ಕುಂಡವನ್ನು ಸೈಕಲ್ಲಿನ ಬುಟ್ಟಿಯಲ್ಲಿ ಇಟ್ಟು ಮನೆಗೆ ತಂದ ಮೂರನೇ ದಿನವೇ ಊರಿನಿಂದ ಫೋನು. ಅಮ್ಮನ ಕಣ್ಣಿನ ಆಪರೇಷನ್‌ಗೆ ದಿನ ಗೊತ್ತಾಗಿದೆ, ಸಕ್ಕರೆ ಕಾಯಿಲೆ ಇರುವುದರಿಂದ ಡಾಕ್ಟರು ಯಾರಾದರೂ ಹತ್ತಿರ ಇರಬೇಕು ಅಂದಿದ್ದಾರೆ. ಮೂರು ವಾರಕ್ಕೆ ಹೊರಟೆವು. ಮಗ ಹೊರಡಲೊಲ್ಲ! "ನನ್ನ ಗಿಡ ಸತ್ತು ಹೋಗುತ್ತೆ" ಎಂದು ಕುಂಡ ತಬ್ಬಿ ಕೂತ. ನಮ್ಮವರಿಗೆ ಆಫೀಸಿನ ಪ್ರವಾಸ. ಜಪಾನಿನ ಆಗಸ್ಟಿನ ಬಿಸಿಲಲ್ಲಿ ಎರಡು ದಿನ ನೀರಿಲ್ಲದಿದ್ದರೆ ಬಳ್ಳಿ ಮುಗಿದಂತೆ.

ಬೇರೆ ದಾರಿ ಇರಲಿಲ್ಲ. ಎರಡು ವರ್ಷ ತಪ್ಪಿಸಿಕೊಂಡು ಓಡಾಡಿದ ಆ ಕೊನೆಯ ಮನೆಯ ಬಾಗಿಲನ್ನೇ ತಟ್ಟಿದೆ. ಒಂದು ಕೈಯಲ್ಲಿ ಮಗ, ಇನ್ನೊಂದರಲ್ಲಿ ಕುಂಡ. ಬರೆದುಕೊಂಡು ಹೋಗಿದ್ದ ನಾಲ್ಕು ವಾಕ್ಯದಲ್ಲಿ ಎರಡು ಮರೆತೇ ಹೋದವು. ಅಜ್ಜಿ ಕುಂಡ ನೋಡಿದರು, ಮಗನ ಮುಖ ನೋಡಿದರು, ಕೈ ಚಾಚಿ ಕುಂಡ ತೆಗೆದುಕೊಂಡರು. ಆಮೇಲೆ ಕ್ಯಾಲೆಂಡರ್ ತಂದು ನಾವು ಬರುವ ದಿನಕ್ಕೆ ಬೆರಳಿಡಿಸಿ ಅಲ್ಲಿ ಒಂದು ಸೊನ್ನೆ ಸುತ್ತಿದರು. ಅಷ್ಟೇ ಮಾತು.

ಊರಲ್ಲಿ ಅಮ್ಮನ ಕಣ್ಣು ಚೆನ್ನಾಯಿತು. ಪಟ್ಟಿ ಬಿಚ್ಚಿದ ಮೇಲೆ ಮೊದಲು ನನ್ನ ಮುಖವನ್ನೇ ದಿಟ್ಟಿಸಿ, "ಎಷ್ಟು ಸೊರಗಿದ್ದೀಯೇ! ಒಂದು ಫೋಟೋದಲ್ಲೂ ಇದು ಗೊತ್ತಾಗಲಿಲ್ಲವಲ್ಲ" ಅಂದರು. ನನ್ನಲ್ಲಿ ಉತ್ತರ ಇರಲಿಲ್ಲ. ಕಾಣದೆ ಕೇಳುತ್ತಿದ್ದ ಪ್ರಶ್ನೆ ಅಲ್ಲ ಅದು, ಕಂಡೇ ಕೇಳುತ್ತಿದ್ದ ಪ್ರಶ್ನೆ ಅಂತ ಆಗ ತಿಳಿಯಿತು.

ಇಪ್ಪತ್ತೊಂದು ಫೋಟೋ

ವಾಪಸು ಬಂದ ಸಂಜೆಯೇ ಅಜ್ಜಿಯ ಮನೆಗೆ ಹೋದೆವು. ಅಮ್ಮ ಕೊಟ್ಟ ಒಂದು ರೇಷ್ಮೆ ರವಿಕೆ ಕಣ ನನ್ನ ಕೈಯಲ್ಲಿತ್ತು. ಕುಂಡದ ಬಳ್ಳಿ ಮಗನಿಗಿಂತ ಎತ್ತರಕ್ಕೆ ಬೆಳೆದಿತ್ತು. ಅಜ್ಜಿ ಒಂದು ಲಕೋಟೆ ತಂದು ಮಗನಿಗೆ ಕೊಟ್ಟರು. ಅದರಲ್ಲಿ ಅಂಗಡಿಯಲ್ಲಿ ಅಚ್ಚು ಹಾಕಿಸಿದ ಇಪ್ಪತ್ತೊಂದು ಫೋಟೋ. ದಿನಕ್ಕೊಂದರಂತೆ ಇಪ್ಪತ್ತೊಂದು ಬೆಳಗು! ಹಿಂದೆ ಪೆನ್ಸಿಲ್ಲಿನಲ್ಲಿ ತಾರೀಖು, ಹೂವಿನ ಲೆಕ್ಕ: ಏಳು, ಹನ್ನೊಂದು, ನಾಲ್ಕು. ಮಳೆ ಬಂದ ದಿನ ಒಂದು ಪುಟ್ಟ ಕೊಡೆಯ ಚಿತ್ರ. ಮಗನ ಶಾಲೆಯ ವರದಿಗೆ ಬೇಕಾಗುತ್ತದೆಂದು ಅವರಿಗೆ ಗೊತ್ತಿತ್ತು.

ಆ ಫೋಟೋಗಳಲ್ಲಿ ಚಂದದ ಬೆಳಕಿಲ್ಲ, ಹಿಂದೆ ಬಟ್ಟೆ ಒಣಹಾಕುವ ಕೋಲು, ಬಕೆಟ್ಟು, ಎಲ್ಲ ಕಾಣುತ್ತವೆ. ನಾನಾಗಿದ್ದರೆ ಒಂದನ್ನೂ ಇಟ್ಟುಕೊಳ್ಳುತ್ತಿರಲಿಲ್ಲ. ಆದರೆ ಪ್ರತಿಯೊಂದರಲ್ಲೂ ಒಂದು ಕೈ ಇದೆ. ಸುಕ್ಕು ಬಿದ್ದ ಕೈಯೊಂದು ಅಂದಿನ ಹೂವಿನ ಪಕ್ಕದಲ್ಲಿ ಬೆರಳು ತೋರಿಸಿದೆ, 'ಇಗೋ, ಇದು' ಅನ್ನುವ ಹಾಗೆ.

ರೇಷ್ಮೆ ಕಣವನ್ನು ಅಜ್ಜಿ ಬೆರಳಲ್ಲಿ ಉಜ್ಜಿ ನೋಡಿದರು, ಕೆನ್ನೆಗೆ ಒತ್ತಿಕೊಂಡರು. "ಒಕಾಯಿಕೊ-ಸಾನ್" ಅಂದರು. ಅದು ರೇಷ್ಮೆ ಹುಳುವಿಗೆ ಅವರ ಕಡೆ ಮರ್ಯಾದೆ ಕೊಟ್ಟು ಕರೆಯುವ ಹೆಸರು, ನಾವು ಹುಳುವಮ್ಮ ಅಂದ ಹಾಗೆ. ಅವರು ಹುಟ್ಟಿದ್ದು ಗುನ್ಮಾ ಸೀಮೆಯಲ್ಲಂತೆ. ಅಲ್ಲಿನ ತೊಮಿಯೊಕಾದಲ್ಲಿ 1872ರಲ್ಲಿ ಶುರುವಾದ ರೇಷ್ಮೆ ಕಾರ್ಖಾನೆ ಈಗ ವಿಶ್ವ ಪರಂಪರೆಯ ತಾಣ. ಅವರ ತಾಯಿ ಮನೆಯ ಅಟ್ಟದಲ್ಲಿ ಹುಳು ಸಾಕುತ್ತಿದ್ದರು. ನಾನು ಮೊಬೈಲಿನಲ್ಲಿ ನಮ್ಮ ಮನೆಯ ಚಂದ್ರಿಕೆಯ ಫೋಟೋ ತೋರಿಸಿದೆ. ಅಜ್ಜಿ ಕಣ್ಣು ಮುಚ್ಚಿ, ಕಿವಿಯ ಹತ್ತಿರ ಬೆರಳುಗಳನ್ನು ಆಡಿಸಿ, "ಆಮೆ, ಆಮೆ" ಅಂದರು. ಆಮೆ ಎಂದರೆ ಅವರ ಭಾಷೆಯಲ್ಲಿ ಮಳೆ. ರಾತ್ರಿ ಹೊತ್ತು ಸಾವಿರಾರು ಹುಳು ಸೊಪ್ಪು ಮೇಯುವಾಗ ಬರುವ ಸದ್ದು ಕೇಳಿದ್ದೀರಾ? ಹೆಂಚಿನ ಮೇಲೆ ಮಳೆ ಬಿದ್ದ ಹಾಗೆಯೇ! ಅಮ್ಮನೂ ಹಾಗೆಯೇ ಹೇಳುತ್ತಿದ್ದರು. ಎರಡು ವರ್ಷದಲ್ಲಿ ಮೊದಲ ಬಾರಿಗೆ ಆ ದೇಶದಲ್ಲಿ ನನಗೆ ಪೂರ್ತಿ ಅರ್ಥವಾದ ಮಾತು ಅದು.

ಆಮೇಲೆ ನನ್ನ ಜಪಾನಿ ಭಾಷೆ ಒಂದಿಷ್ಟು ಕುದುರಿತು. ಒಂದು ದಿನ ಧೈರ್ಯ ಮಾಡಿ ಆ ಮೊದಲ ದಿನದ್ದನ್ನು ಕೇಳಿಯೇ ಬಿಟ್ಟೆ. ಅಜ್ಜಿ ಬಿದ್ದು ಬಿದ್ದು ನಕ್ಕರು. ಅವರು ಅಂದು ಹೇಳಿದ್ದು ಏನು ಗೊತ್ತೇ? "ಈಗ ಬೇಡಮ್ಮ, ಹೂವು ಮುದುಡಿದೆ. ಬೆಳಿಗ್ಗೆ ಬಾ, ಚೆನ್ನಾಗಿರುತ್ತದೆ." ಕರೆದದ್ದನ್ನು ಗದರಿದ್ದು ಎಂದುಕೊಂಡು ಎರಡು ವರ್ಷ ಕಳೆದೆನಲ್ಲ! ಮಾತು ಬಾರದ ಊರಿನಲ್ಲಿ ನಾವೇ ಎಷ್ಟು ಬಾಗಿಲು ಮುಚ್ಚಿಕೊಳ್ಳುತ್ತೇವೆ, ನೋಡಿ.

ಆ ಕೈ ಯಾರದು?

ಅಜ್ಜಿಯ ಫೋಟೋಗಳನ್ನು ಅಮ್ಮನಿಗೆ ಕಳಿಸಿದೆ. ಹೊಸ ಕಣ್ಣಲ್ಲಿ ಒಂದೊಂದನ್ನೂ ನೋಡಿ ಅಮ್ಮ ಫೋನು ಮಾಡಿದರು. ಈ ಸಲ "ನೀನೆಲ್ಲಿ" ಅನ್ನಲಿಲ್ಲ. "ಆ ಕೈ ಯಾರದೇ?" ಅಂದರು. ಹೇಳಿದೆ. ಸ್ವಲ್ಪ ಹೊತ್ತು ಸುಮ್ಮನಿದ್ದು, "ಸದ್ಯ, ಅಲ್ಲಿ ಯಾರೋ ಇದ್ದಾರೆ" ಅಂದರು. ಹೊರಡುವ ದಿನ ಅವರು ಕೇಳಿದ್ದ ಪ್ರಶ್ನೆಗೆ ಉತ್ತರ ಸಿಕ್ಕಿತ್ತು.

ಉಳಿದ ಒಂದೂವರೆ ವರ್ಷ ನಾನು ಫೋಟೋ ತೆಗೆದ ರೀತಿಯೇ ಬದಲಾಯಿತು. ಹೂ ಮಾತ್ರ ತೆಗೆಯುವುದನ್ನು ಬಿಟ್ಟೆ. ನೀರೆರೆಯುವವರು, ಕಳೆ ಕೀಳುವವರು, ಸಾಂಕೇಯೆನ್ ತೋಟದಲ್ಲಿ ಬಿದ್ದ ಎಲೆ ಗುಡಿಸುವ ಕೆಲಸಗಾರರು, ಎಲ್ಲರನ್ನೂ ಕೇಳಿ, ಒಪ್ಪಿದರೆ ತೆಗೆದೆ. "ಫೋಟೋ ತೆಗೆಯಬಹುದೇ?" ಎಂಬ ಪ್ರಶ್ನೆಯಿಂದಲೇ ಎಷ್ಟು ಮಾತು ಹುಟ್ಟಿತೆಂದರೆ, ನನ್ನ ಭಾಷೆ ಬೆಳೆದದ್ದೇ ಅದರಿಂದ. ಸಂಜೆ ಐದರ ರಾಗ ಬಂದಾಗ ಅಜ್ಜಿಯ ಮನೆಯಲ್ಲಿ ಕಾಫಿ ಕುಡಿಯುತ್ತಿರುತ್ತಿದ್ದೆ. ಅಳು ಎಲ್ಲಿಂದ ಬರಬೇಕು?

ಹೊರಡುವಾಗ ಅಸಗಾಓ ಬೀಜ ತರುವ ಆಸೆ ಇತ್ತು. ಆದರೆ ಹಾಗೆಲ್ಲ ಬೀಜ, ಗಿಡ ಒಂದು ದೇಶದಿಂದ ಇನ್ನೊಂದಕ್ಕೆ ಪ್ರಮಾಣಪತ್ರ ಇಲ್ಲದೆ ತರುವಂತಿಲ್ಲ. ರೋಗ, ಕೀಟ ಜೊತೆಗೆ ಬಂದಾವೆಂದು ಆ ನಿಯಮ. ನೀವೂ ಪರದೇಶಕ್ಕೆ ಹೋಗಿಬರುವಾಗ ಇದನ್ನು ನೆನಪಿಡಿ. ಮಗನ ಬೀಜಗಳು ಹೋಗಬೇಕಾದ ಶಾಲೆಗೇ ಹೋಗಿದ್ದವು. ಅವನು ಅಜ್ಜಿಗೆ ಐದು ಬೀಜ ಎತ್ತಿಟ್ಟು ಕೊಟ್ಟಿದ್ದ.

ಈಗ ಪ್ರತಿ ಜನವರಿಯಲ್ಲಿ ಅಜ್ಜಿಯಿಂದ ಹೊಸ ವರ್ಷದ ಕಾರ್ಡು ಬರುತ್ತದೆ. ನನಗೆ ಅಷ್ಟೊಂದು ಅಕ್ಷರ ಓದಲು ಬಾರದೆಂದು ಅವರಿಗೆ ಗೊತ್ತು. ಅದಕ್ಕೇ ಕಾರ್ಡಿನಲ್ಲಿ ಒಂದು ಫೋಟೋ, ಒಂದು ಸಂಖ್ಯೆ ಮಾತ್ರ. ಆ ಬೇಸಿಗೆಯಲ್ಲಿ ಬಿಟ್ಟ ಒಟ್ಟು ಹೂವಿನ ಲೆಕ್ಕ. ಕಳೆದ ಬಾರಿ 214. ಕಾರ್ಡು ಬಂದ ದಿನ ಅಮ್ಮ ಮೊದಲು ಹುಡುಕುವುದು ಹೂವನ್ನಲ್ಲ, ಮೂಲೆಯಲ್ಲಿರುವ ಆ ಕೈಯನ್ನು. "ಇದ್ದಾರೆ ಬಿಡು" ಅಂತ ಸಮಾಧಾನದಿಂದ ಕಾರ್ಡನ್ನು ದೇವರ ಗೂಡಿನ ಪಕ್ಕ ಇಡುತ್ತಾರೆ.

ನಿಮ್ಮ ಮನೆಯಲ್ಲೂ ತುಳಸಿ ಇದ್ದೀತು, ಕನಕಾಂಬರ ಇದ್ದೀತು, ಹಿತ್ತಿಲಲ್ಲಿ ಒಂದು ದಾಸವಾಳ ಇದ್ದೀತು. ನಾಳೆ ಬೆಳಿಗ್ಗೆ ಫೋಟೋ ತೆಗೆದು ದೂರದಲ್ಲಿರುವ ಮಗಳಿಗೋ ತಂಗಿಗೋ ಕಳಿಸಿ. ಆದರೆ ಒಂದು ಮಾತು. ನೀರೆರೆಯುವ ನಿಮ್ಮ ಕೈಯನ್ನು ಪಕ್ಕಕ್ಕೆ ಸರಿಸಬೇಡಿ, ಅದೂ ಫೋಟೋದಲ್ಲಿರಲಿ. ಅರಿಸಿನ ಹತ್ತಿದ್ದರೂ ಸರಿಯೇ. ಅವರು ನೋಡಬೇಕೆಂದಿರುವುದು ಅದನ್ನೇ ಅಲ್ಲವೇ?